ಬಸ್ಸಿನ ವೇಳೆ ತಿಳಿಸಿದ ಕರದಂಟಿನ ವೆಬ್‌ಸೈಟು

ನನ್ನ ಹೆಂಡತಿ ಶಾಂತಾಳ ಕರದಂಟಿನ ಅಂಗಡಿ ಅಮೀನಗಡದಲ್ಲಿ ಬಸ್ಸು ನಿಲ್ಲುವ ಜಾಗದಲ್ಲೇ ಇದೆ. ಪಕ್ಕದಲ್ಲಿ ಕಣ್ಣು ಕುಕ್ಕುವ ದೀಪಗಳ ಹೊಸ ಕರದಂಟಿನ ಅಂಗಡಿಯೊಂದು ಎದ್ದಾಗಿನಿಂದ, ತನ್ನ ಅಂಗಡಿ ಉಳಿಯುತ್ತದೋ ಇಲ್ಲವೋ ಎಂದು ಅವಳಿಗೆ ಒಂದೇ ಚಿಂತೆ. ಹುನಗುಂದದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನನ್ನದೋ ಸುಮ್ಮನೆ ಕೂರುವ ಜಾಯಮಾನವಲ್ಲ.

"ಚಿಂತಿ ಬಿಡು. ನಾ ವೆಬ್‌ಸೈಟ್ ಮಾಡ್ತೇನಿ. ನೀ ಒಲಿ ಮ್ಯಾಲ ದೊಡ್ಡ ಕಡಾಯಿನ ಇಡು!" ಎಂದೆ.

ನನ್ನನ್ನು ನಂಬಿ ಇಟ್ಟಳು, ಪಾಪ. ಗೋಡಂಬಿ, ತಿನ್ನುವ ಅಂಟು, ಖೊಬ್ಬರಿಗಳ ಚಿತ್ರ ಹಾಕಿ, "ಸ್ವಾದಲೋಕಕ್ಕೆ ಸುಸ್ವಾಗತ" ಎಂದು ಬರೆದು, ವೆಬ್‌ಸೈಟನ್ನು ಲೋಕಾರ್ಪಣೆ ಮಾಡಿದೆ. ನೋಡಿದವರು ಇಬ್ಬರು. ನಾನು, ಮತ್ತು ನನ್ನ ಇನ್ನೊಂದು ಮೊಬೈಲು!

ಜನ ಬರಬೇಕಾದರೆ ಅವರಿಗೆ ಬೇಕಾದದ್ದನ್ನು ಕೊಡಬೇಕು. ನಮ್ಮೂರಲ್ಲಿ ಜನರಿಗೆ ಬೇಕಾದದ್ದೇನು? ಬಸ್ಸು! ತರಗತಿಯ ಕಿಟಕಿಯಿಂದ, ಅಮೀನಗಡದ ಮೇಲೆ ಹಾಯ್ದು ಹೋಗುವ ಬಾಗಲಕೋಟೆಯ ಬಸ್ಸು ಕಂಡೊಡನೆ ಪಾಠ ನಿಲ್ಲಿಸಿ, "ಈಗ ಹುನಗುಂದ ಬಿಟ್ಟಿತು" ಎಂದು ವೆಬ್‌ಸೈಟಿನಲ್ಲಿ ಹಾಕತೊಡಗಿದೆ. ಚಹಾದಂಗಡಿಗಳಲ್ಲಿ ಪ್ರಚಾರದ ಚೀಟಿ ಅಂಟಿಸಿದೆ. ಇಡೀ ಅಮೀನಗಡ ನನ್ನ ವೆಬ್‌ಸೈಟು ನೋಡತೊಡಗಿತು. ನಾನು ಉಬ್ಬಿಹೋದೆ.

ಅದರಲ್ಲಿ ಅಂಗಡಿಯ ನಂಬರೂ ಇತ್ತಲ್ಲ! ಶಾಂತಾ ಬೆಲ್ಲದ ಪಾಕ ತಿರುವುತ್ತಿರುವಾಗಲೇ ಫೋನು ಬಡಿದುಕೊಳ್ಳುತ್ತಿತ್ತು.

"ಅಕ್ಕಾರ, ಬಾಗಲಕೋಟಿ ಬಸ್ ಹೋತೇನ್ರಿ?"

"ಇದು ಕರದಂಟಿನ ಅಂಗಡಿರಿ!"

"ಅದು ಇರ್ಲಿ ಬಿಡ್ರಿ. ಬಸ್ ಹೋತೇನ್ರಿ?"

ಅಷ್ಟರಲ್ಲಿ ಪಾಕ ಕಲ್ಲಾಗಿರುತ್ತಿತ್ತು.

ಒಂದು ಸಂಜೆ ಸಾಲೆಯಿಂದ ಬಂದರೆ, ಶಾಂತಾ ಮಾರದೆ ಉಳಿದ ಡಬ್ಬಿಗಳ ನಡುವೆ ಮುಖ ಗಂಟಿಕ್ಕಿ ಕುಳಿತಿದ್ದಳು.

"ಇಷ್ಟು ಫೋನ್ ಬರ್ತಾವ, ಗಿರಾಕಿ ಯಾಕ ಬರವಲ್ರು?" ಎಂದೆ.

"ಹೆಂಗ ಬರ್ತಾರ್ರೀ? ಮೊದಲಾದ್ರ ಬಸ್ ಯಾವಾಗ ಬರ್ತೈತಿ ಅನ್ನೂದು ಯಾರಿಗೂ ಗೊತ್ತಿದ್ದಿಲ್ಲ. ಮಂದಿ ನಮ್ಮ ಅಂಗಡಿ ನೆರಳಿಗೆ ನಿಂದರ್ತಿದ್ರು. ನಿಂತು ನಿಂತು ಬ್ಯಾಸತ್ತು, ರುಚಿ ನೋಡಾಕ ಇಟ್ಟ ತಾಟಿನ್ಯಾಗಿನ ಚೂರು ಬಾಯಾಗ ಹಾಕ್ಕೊತಿದ್ರು, ಒಂದು ಡಬ್ಬಿ ಒಯ್ತಿದ್ರು. ಈಗ ಮನ್ಯಾಗ ಕುಂತು ನಿಮ್ಮ ವೆಬ್‌ಸೈಟ್ ನೋಡ್ತಾರ. ಬಸ್ ಬರೂ ಹೊತ್ತಿಗೆ ಓಡಿ ಬಂದು ಹತ್ತಿ ಹೋಗ್ತಾರ!"

ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಪಕ್ಕದ ಹೊಸ ಅಂಗಡಿಯ ಮಾಲೀಕರು ಬಂದು ಕೈ ಮುಗಿದರು.

"ಸರ, ನಮ್ಮದೂ ಇದೇ ಪಾಡ್ರಿ. ದಯಮಾಡಿ ಅದನ್ನ ಬಂದ್ ಮಾಡ್ರಿ!"

ಅವರೆದುರಿಗೇ ವೆಬ್‌ಸೈಟನ್ನು ಅಳಿಸಿಹಾಕಿದೆ.

ಮರುದಿನ ಮುಂಜಾನೆ ಹುನಗುಂದದ ಬಸ್ಸಿಗಾಗಿ ಅಂಗಡಿಯ ನೆರಳಿನಲ್ಲಿ ನಿಂತೆ. ಯಾವಾಗ ಬರುತ್ತದೋ ಯಾರಿಗೆ ಗೊತ್ತು! ರಸ್ತೆ ನೋಡಿದೆ, ಗಡಿಯಾರ ನೋಡಿದೆ, ಅತ್ತಿಂದಿತ್ತ ಅಡ್ಡಾಡಿದೆ. ಕೈ ತಾನಾಗಿಯೇ ತಾಟಿನ ಚೂರಿಗೆ ಹೋಯಿತು. ಬಾಯಿಗಿಟ್ಟೆ. ಶಾಂತಾ ನಗದೆ ಒಂದು ಡಬ್ಬಿ ಮುಂದೆ ಸರಿಸಿದಳು.

"ಕಟ್ಟಲೇನ್ರಿ?"

ರೊಕ್ಕ ಕೊಟ್ಟು ತೆಗೆದುಕೊಂಡೆ. ನನ್ನ ಅಷ್ಟೆಲ್ಲ ಪ್ರಚಾರದಿಂದ ಅಂಗಡಿಗೆ ಸಿಕ್ಕ ಹೊಸ ಗಿರಾಕಿ ಒಬ್ಬನೇ, ನಾನು!