ನೋಡಿದ್ದಕ್ಕೆ ಇನ್ನೂರು ರೂಪಾಯಿ

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೈಗೆ ಏನಾದರೊಂದು ಬಂದರೆ ಮಾತ್ರ ನನ್ನ ಜೇಬಿನಿಂದ ದುಡ್ಡು ಹೊರಗೆ ಬರುತ್ತದೆ. ತರಕಾರಿ ಚೀಲ ತುಂಬಿದರೆ ಕೊಡುತ್ತೇನೆ, ಹರಿದ ಚಪ್ಪಲಿ ಹೊಲಿದರೆ ಕೊಡುತ್ತೇನೆ. ಆದರೆ ಯಾರಾದರೂ ಬಂದು, ನೋಡಿ, "ಎಲ್ಲ ಸರಿಯಾಗಿದೆ" ಎಂದು ಹೇಳಿ ಕೈಚಾಚಿದರೆ ನನ್ನ ಕೈ ಜೇಬಿನ ಬಾಯಿ ಮುಚ್ಚಿ ಹಿಡಿಯುತ್ತದೆ. ಡಾಕ್ಟರು ಎದೆಗೂ ಬೆನ್ನಿಗೂ ಸ್ಟೆತಾಸ್ಕೋಪ್ ಇಟ್ಟು "ನಿಮಗೇನೂ ಆಗಿಲ್ಲ" ಎಂದಾಗ ಮನುಷ್ಯನಾದವನು ಸಂತೋಷಪಡಬೇಕು. ನಾನು, ಕೊಟ್ಟ ಫೀಸು ದಂಡವಾಯಿತಲ್ಲ ಎಂದು, "ಒಂದು ಟಾನಿಕ್ಕಾದರೂ ಬರೆದುಕೊಡಿ ಡಾಕ್ಟ್ರೇ" ಎಂದು ಪೀಡಿಸಿ ಬರೆಸಿಕೊಂಡು ಬಂದವನು. ಆ ಬಾಟಲಿ ಇವತ್ತಿಗೂ ಬೀರುವಿನಲ್ಲಿದೆ, ಮುಚ್ಚಳ ತೆಗೆದಿಲ್ಲ.

ಇಂಥವನ ಮನೆಗೆ ವೈರಿಂಗ್ ತಪಾಸಣೆಯ ಪ್ರಸಂಗ ಬಂತು. ಬಂಗಾಳದ ಟಾಲಿಗಂಜಿನಲ್ಲಿ ನಾವಿದ್ದದ್ದು ಹಳೆಯ ಬಾಡಿಗೆ ಮನೆಯ ಎರಡನೇ ಮಹಡಿ. ಗೋಡೆಯ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ವೈರು, ಮೆಟ್ಟಿಲ ಕೆಳಗೆ ಪಿಂಗಾಣಿಯ ಫ್ಯೂಸುಗಳು. ಎರಡು ಬಲ್ಬು, ಎರಡು ಫ್ಯಾನು, ಒಂದು ರೇಡಿಯೊ ಇದ್ದ ಕಾಲದ ಏರ್ಪಾಟು ಅದು. ಈಗಲೋ, ಸಾಲ್ಟ್ ಲೇಕಿನ ಕಡೆ ಗಾಜಿನ ಕಟ್ಟಡಗಳೆದ್ದು, ಓದಿದ ಮಕ್ಕಳೆಲ್ಲ ಅಲ್ಲಿ ಕೆಲಸಕ್ಕೆ ಸೇರುವ ಕಾಲ. ಪ್ರತಿ ಮನೆಗೂ ಕಂಪ್ಯೂಟರ್ ಬಂತು, ಕೆಲವರಿಗೆ ಏಸಿಯೂ ಬಂತು. ಕಾಲೇಜಿಗೆ ಹೋಗುವ ನನ್ನ ಮಗಳು ರಮ್ಯಾಳ ಹಟಕ್ಕೆ ನಮ್ಮ ಮನೆಗೂ ಒಂದು ಕಂಪ್ಯೂಟರ್ ಬಂತು. ಫ್ಯೂಸು ಹೋಗುವುದು ಸಂಜೆಯ ಚಹಾದಷ್ಟೇ ನಿಯಮಿತವಾಯಿತು.

ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಒಂದು ದಿನ ನಮ್ಮಮ್ಮ, ಎಂಬತ್ತಕ್ಕೆ ಎರಡು ಕಮ್ಮಿ ವಯಸ್ಸು, "ಫ್ರಿಜ್ಜಿನ ಬಾಗಿಲು ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಕಣೋ" ಎಂದರು. ನಾನು ಮುಟ್ಟಿ ನೋಡಿದೆ. ಏನೂ ಇಲ್ಲ. ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅಮ್ಮ ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. "ವಯಸ್ಸಾಯ್ತಲ್ಲಮ್ಮ, ನರದ ದೌರ್ಬಲ್ಯ ಇರಬೇಕು" ಎಂದುಬಿಟ್ಟೆ. ಅಮ್ಮ ಅವತ್ತಿನಿಂದ ಸೆರಗನ್ನು ಕೈಗೆ ಸುತ್ತಿಕೊಂಡು ಫ್ರಿಜ್ಜಿನ ಬಾಗಿಲು ತೆಗೆಯತೊಡಗಿದರು. ಅದನ್ನು ನೋಡಿದಾಗಲೆಲ್ಲ ನನ್ನ ಹೆಂಡತಿ ಸರೋಜಳಿಗೆ ದಿಗಿಲಾಗುತ್ತಿತ್ತು. "ರೀ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಏನ್ರೀ ಗತಿ? ಯಾರನ್ನಾದ್ರೂ ಕರೆಸಿ ತೋರಿಸಿ" ಎಂದು ಬೆನ್ನು ಬಿದ್ದಳು.

ಕರೆಸಿದೆ. ಬಸ್ ಸ್ಟಾಪಿನ ಪಕ್ಕ ಅಂಗಡಿಯಿಟ್ಟಿದ್ದ ಬಾಪಿ ಎಂಬ ಎಲೆಕ್ಟ್ರಿಷಿಯನ್ ಬಂದ. ಮನೆಯಿಡೀ ನೋಡುವುದಕ್ಕೆ ಏನು ತೆಗೆದುಕೊಳ್ಳುತ್ತೀ ಎಂದು ಕೇಳಿದಾಗ ನನ್ನ ಬುದ್ಧಿ ಎಷ್ಟು ಚುರುಕಾಯಿತೆಂದರೆ, ಅವನು ಬಾಯಿ ತೆರೆಯುವ ಮೊದಲೇ ನಾನೇ ಕರಾರು ಹೇಳಿದೆ: ದೋಷ ಸಿಕ್ಕಿದರೆ ದುಡ್ಡು, ಸಿಗದಿದ್ದರೆ ಚಹಾ ಮತ್ತು ಎರಡು ಬಿಸ್ಕತ್ತು. ಬಾಪಿ ಸಂತೋಷದಿಂದ ಒಪ್ಪಿದ. ಅವನ ಸಂತೋಷಕ್ಕೆ ಕಾರಣ ಏನೆಂದು ಯೋಚಿಸುವ ತಾಳ್ಮೆ ನನಗಿರಲಿಲ್ಲ.

ಅರ್ಧ ಗಂಟೆಯಲ್ಲಿ ಹನ್ನೊಂದು ದೋಷ ಸಿಕ್ಕವು. ಈ ಸ್ವಿಚ್ಚು ಸಡಿಲ, ಆ ಹೋಲ್ಡರು ಸುಟ್ಟಿದೆ, ಅಡುಗೆಮನೆಯ ಎರಡು ತೂತಿನ ಸಾಕೆಟ್ಟು ಹಳೇ ಕಾಲದ್ದು. ನೋಡಿ, ನನಗೆ ಒಳಗೊಳಗೇ ಖುಷಿ! ಕೊಟ್ಟ ದುಡ್ಡಿಗೆ ಪ್ರತಿಯಾಗಿ ಹನ್ನೊಂದು ದೋಷಗಳು. ಸಾವಿರದ ನಾನೂರು ರೂಪಾಯಿಯ ಹೊಸ ಬಿಳೀ ಸ್ವಿಚ್ಚುಗಳು ಗೋಡೆ ತುಂಬ ಹೊಳೆದವು. ಮರುದಿನ ಬೆಳಿಗ್ಗೆ ಅಮ್ಮ ಸೆರಗು ಸುತ್ತದೆ ಫ್ರಿಜ್ಜಿಗೆ ಕೈ ಹಾಕಿದರು. "ಅಯ್ಯೋ!" ಎಂದು ಕೈ ಹಿಂದೆಳೆದುಕೊಂಡು ಬೆರಳುಗಳನ್ನು ಉಜ್ಜಿಕೊಂಡರು. ಆಮೇಲೆ ನನ್ನ ಮುಖ ನೋಡಿ, "ಏನಿಲ್ಲ ಬಿಡು, ನರದ ದೌರ್ಬಲ್ಯ" ಎಂದರು. ಆ ಮಾತು ನನಗೆ ನಾಟಿತು. ನಾಚಿಕೆಯೂ ಆಯಿತು, ಭಯವೂ ಆಯಿತು.

ಕೆಳಮನೆಯ ಬೌದಿ, ಅಂದರೆ ಓಣಿಗೆಲ್ಲ ಅತ್ತಿಗೆಯಂಥವರು, ಸರೋಜಳಿಗೆ ನಿಮಾಯ್‌ಬಾಬು ಎಂಬವರ ಹೆಸರು ಹೇಳಿದರು. ಅರವತ್ತು ದಾಟಿದ ಮನುಷ್ಯ, ದಪ್ಪ ಕನ್ನಡಕ, ಹೆಗಲಲ್ಲಿ ಝೋಲಾ ಎಂಬ ಬಟ್ಟೆಯ ಚೀಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, ಬಂಗಾಳಿ ಬೆರೆಸಿದ ಹಿಂದಿಯಲ್ಲಿ ಹೇಳಿದರು: "ಪೂರ್ತಿ ಮನೆ ನೋಡೋದಕ್ಕೆ ಇನ್ನೂರು ರೂಪಾಯಿ. ದೋಷ ಇದ್ದರೂ ಇನ್ನೂರು, ಇಲ್ಲದಿದ್ದರೂ ಇನ್ನೂರು."

ಅಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ. "ಬರೀ ನೋಡೋದಕ್ಕೆ ಇನ್ನೂರಾ? ದೋಷ ಸಿಕ್ಕರೆ ಮುನ್ನೂರು ಬೇಕಾದರೂ ಕೊಡ್ತೀನಿ, ಸಿಗದಿದ್ದರೆ..." ಎಂದು ಶುರುಮಾಡಿದೆ.

"ಬೇಡ ದಾದಾ," ಅವರು ಝೋಲಾವನ್ನು ಮತ್ತೆ ಹೆಗಲಿಗೇರಿಸಿದರು. "ಹಾಗಂದರೆ ನನಗೆ ದೋಷ ಸಿಕ್ಕೇ ಸಿಗುತ್ತೆ. ನನಗೂ ಸಂಸಾರ ಇದೆ."

ಹಿಂದಿನಿಂದ ರಮ್ಯಾ ಬಾಯಿ ಹಾಕಿದಳು. ಅವಳ ಕನ್ನಡ ಇಲ್ಲಿ ಬೆಳೆದ ಮಕ್ಕಳ ಕನ್ನಡ. "ಅಪ್ಪ, ನಿಂಗೂ ಬರೀ ನೋಡೋಕೇ ತಾನೆ ಸ್ಯಾಲರಿ ಕೊಡೋದು? ಕ್ರೇನ್ ಬ್ರೇಕ್ ಆದ್ರೆ ಮಾತ್ರ ಕೊಡ್ತಾರಾ?"

ಇದನ್ನು ನಿಮ್ಮ ಹತ್ತಿರ ಇಷ್ಟು ಹೊತ್ತೂ ಹೇಳದೆ ಮುಚ್ಚಿಟ್ಟಿದ್ದೆ. ನಾನೊಂದು ಸರ್ಕಾರಿ ಕಾರ್ಖಾನೆಯಲ್ಲಿ ಕ್ರೇನುಗಳ ಸುರಕ್ಷತಾ ತಪಾಸಣೆಯ ಅಧಿಕಾರಿ. ಇಪ್ಪತ್ತೆರಡು ವರ್ಷದಿಂದ ಕೊಕ್ಕೆ, ಉಕ್ಕಿನ ಹಗ್ಗ, ಬ್ರೇಕು ನೋಡಿ "ದೋಷವಿಲ್ಲ" ಎಂದು ಬರೆದು ಸಹಿ ಹಾಕುವುದೇ ನನ್ನ ಉದ್ಯೋಗ. ಆ ಒಂದು ಶಬ್ದದ ಮೇಲೆ ನಮ್ಮ ಮನೆಯ ಅಕ್ಕಿ, ಬೇಳೆ, ಮಗಳ ಕಂಪ್ಯೂಟರ್ ಎಲ್ಲ ನಿಂತಿದೆ. ನಾನು ತೆಪ್ಪಗೆ ದಾರಿ ಬಿಟ್ಟೆ.

ನಿಮಾಯ್‌ಬಾಬು ಮೂರೂವರೆ ಗಂಟೆ ನೋಡಿದರು. ಪ್ರತಿಯೊಂದು ಬೋರ್ಡನ್ನೂ ಬಿಚ್ಚಿದರು. ನಾವು ಬಂದಾಗಿನಿಂದ ಕದಲಿಸದಿದ್ದ ಬೀರುವನ್ನು ನನ್ನ ಕೈಲೇ ಸರಿಸಿಸಿ ಅದರ ಹಿಂದೆ ತೂರಿದರು. ಅರ್ಥಿಂಗ್ ತಂತಿ ಕೆಳಗಿಳಿದು ನೆಲ ಸೇರುವ ಜಾಗದವರೆಗೂ ಹೋಗಿ ಬಂದರು. ಕೊನೆಗೆ ಫ್ರಿಜ್ಜಿನ ಹಿಂದೆ ಕೈ ಹಾಕಿ ಪ್ಲಗ್ಗನ್ನು ಕಿತ್ತು, ಅಂಗೈ ಮೇಲಿಟ್ಟುಕೊಂಡು ನಮ್ಮೆಲ್ಲರಿಗೂ ತೋರಿಸಿದರು. ಮೂರು ಪಿನ್ನಿರಬೇಕಾದ ಪ್ಲಗ್ಗಿನಲ್ಲಿ ಎರಡೇ ಇದ್ದವು. ಮೇಲಿನ ದಪ್ಪ ಪಿನ್ನು, ಸೋರಿಬರುವ ಕರೆಂಟನ್ನು ನೆಲಕ್ಕೆ ಕಳಿಸಿ ಮನುಷ್ಯರನ್ನು ಕಾಯುವ ಪಿನ್ನು, ಗರಗಸದಲ್ಲಿ ಕೊಯ್ದುಹಾಕಲಾಗಿತ್ತು.

"ಮನೆಯ ಅರ್ಥಿಂಗ್ ಚೆನ್ನಾಗಿದೆ. ಆದರೆ ಇದನ್ನ ಕತ್ತರಿಸಿದವರು ಯಾರು ದಾದಾ?" ಎಂದರು.

ಸರೋಜ ನನ್ನನ್ನು ನೋಡಿದಳು. ರಮ್ಯಾ ನನ್ನನ್ನು ನೋಡಿದಳು. ಈ ಮನೆಗೆ ಬಂದ ಹೊಸದರಲ್ಲಿ, ಎರಡು ತೂತಿನ ಸಾಕೆಟ್ಟಿಗೆ ಮೂರು ಪಿನ್ನು ಹಿಡಿಯದಾಗ, ಇಷ್ಟಕ್ಕೆ ಎಲೆಕ್ಟ್ರಿಷಿಯನ್ ಯಾಕೆ ಎಂದು ನಾನೇ ಕೊಯ್ದಿದ್ದೆ. ಹೆಮ್ಮೆಯಿಂದ ಎಲ್ಲರಿಗೂ ತೋರಿಸಿಯೂ ಇದ್ದೆ. ಬಾಪಿ ಹೊಸ ಮೂರು ತೂತಿನ ಸಾಕೆಟ್ ಹಾಕಿ, ಅದಕ್ಕೆ ನನ್ನ ಎರಡು ಪಿನ್ನಿನ ಪ್ಲಗ್ಗನ್ನೇ ಚುಚ್ಚಿ ಹೋಗಿದ್ದ.

ನಿಮಾಯ್‌ಬಾಬು ಹೊಸ ಪ್ಲಗ್ ಹಾಕಿದರು, ಫ್ರಿಜ್ಜಿನೊಳಗಿನ ವೈರೊಂದು ಒದ್ದೆಯಾಗಿದ್ದುದನ್ನೂ ಸರಿಮಾಡಿದರು. ಪ್ಲಗ್ಗಿಗೆ ಹದಿನೈದು ರೂಪಾಯಿ, ನೋಡಿದ್ದಕ್ಕೆ ಇನ್ನೂರು. "ರಿಪೇರಿ ಮಾಡಿದ್ದಕ್ಕೆ?" ಎಂದೆ. "ಅದು ಹತ್ತು ನಿಮಿಷದ ಕೆಲಸ, ಬಿಡಿ. ನೋಡೋದೇ ಕಷ್ಟ" ಎಂದು ಚಹಾ ಕುಡಿದು ಹೋದರು.

ಆ ಮಾತು ಸೋಮವಾರ ನನ್ನ ಜೊತೆ ಕಾರ್ಖಾನೆಗೂ ಬಂತು. ಮೂರನೇ ನಂಬರಿನ ಕ್ರೇನಿಗೆ ಅರವತ್ತು ಮೆಟ್ಟಿಲಿನ ಕಬ್ಬಿಣದ ಏಣಿ. ಮಂಡಿ ನೋವು ಶುರುವಾದಮೇಲೆ ನಾನು ಕೆಳಗೇ ನಿಂತು, "ಎಲ್ಲ ಸರಿ ಇದೆಯಾ?" ಎಂದು ಕೂಗುವುದು, ಮೇಲಿನಿಂದ ಆಪರೇಟರ್ ರಾಮ್‌ಬಿಲಾಸ್ "ಠೀಕ್ ಹೈ ಸಾಬ್" ಎನ್ನುವುದು, ನಾನು ಸಹಿ ಹಾಕುವುದು, ಹೀಗೇ ಒಂದೂವರೆ ವರ್ಷ ನಡೆದಿತ್ತು. ಅವತ್ತು ಹತ್ತಿದೆ. ನಡುವೆ ನಾಲ್ಕು ಸಲ ನಿಂತು ಉಸಿರು ತೆಗೆದುಕೊಂಡೆ. ನನ್ನ ತಲೆ ಕಂಡದ್ದೇ ರಾಮ್‌ಬಿಲಾಸ್ ಗಾಬರಿಯಿಂದ ಎದ್ದುನಿಂತ: "ಏನಾಯ್ತು ಸಾಬ್? ಏನಾದರೂ ಕೆಟ್ಟಿದೆಯಾ?" ಎರಡು ಗಂಟೆ ನೋಡಿದೆ. ಏನೂ ಕೆಟ್ಟಿರಲಿಲ್ಲ. ಇಳಿದು ಬಂದು "ದೋಷವಿಲ್ಲ" ಎಂದು ಬರೆದೆ. ಹಿಂದಿನ ತಿಂಗಳ ಸಾಲಿನ ಕೆಳಗೆ ಅದೇ ಒಂದು ಶಬ್ದ. ಓದುವವರಿಗೆ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಮೊಸರು ತೆಗೆಯಲು ಹೊರಟಿದ್ದರು. ಕೈಗೆ ಮತ್ತೆ ಸೆರಗು ಸುತ್ತಿಕೊಂಡಿದ್ದರು.

"ಅಮ್ಮ, ಈಗ ಎಲ್ಲ ಸರಿಹೋಗಿದೆ. ಬರಿಗೈಲೇ ಮುಟ್ಟಮ್ಮ."

ಅಮ್ಮ ತಿರುಗಿ ನೋಡಿದರು. "ನೋಡಿದ್ದು ಯಾರು? ನೀನೋ, ಆ ಕನ್ನಡಕದವರೋ?"

"ಅವರೇ ಅಮ್ಮ."

ಅಮ್ಮ ಸೆರಗು ಬಿಟ್ಟು, ಬರಿಗೈಲಿ ಬಾಗಿಲು ತೆಗೆದರು.