ಎಲ್ಲರ ಮನೆಗೂ ನೈಋತ್ಯ

ನಾನು ಎಲ್ಲಿಗೆ ಹೋದರೂ ತಮಾಷೆ ನನಗಿಂತ ಮೊದಲೇ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತೆ. ಮೂವತ್ತು ವರ್ಷ ಸರ್ವೆ ಕೆಲಸದಲ್ಲಿ ಚೈನು ಹಿಡಿದವನು ನಾನು. ಈ ಸೀಮೆಯಲ್ಲಿ ನಾನು ಅಳೆಯದೆ ಬಿಟ್ಟಿದ್ದು ಆಕಾಶ ಒಂದೇ; ಅಲ್ಲಿ ಗೂಟ ಹೊಡೆಯೋಕೆ ನೆಲ ಸಿಗಲಿಲ್ಲ.

ರಿಟೈರ್ ಆದಮೇಲೆ ಚಿಂತಾಮಣಿ ಕಡೆ, ಅಂಬಾಜಿದುರ್ಗದ ಬೆಟ್ಟ ಕಾಣೋ ಹೊಸ ಲೇಔಟಿನಲ್ಲಿ ಒಂದು ಸೈಟು ಕೊಂಡು ನಮ್ಮನೆಯವಳ ಹೆಸರಿಗೆ ಮಾಡಿಸಿದೆ. ಅವಳದು ಒಂದೇ ಮಾತು: "ನಲ್ಲಿ ನೀರು ಬರೋದು ಗ್ಯಾರಂಟಿ ಆಗೋವರೆಗೂ ಪಾಯ ತೋಡೋ ಹಾಗಿಲ್ಲ. ಬಾಡಿಗೆ ಮನೇಲೇ ಇರಣ." ನೀರು ತರಿಸೋಕೆ ಸಂಘ ಆಯ್ತು. ನಾನೇ ಕಾರ್ಯದರ್ಶಿ, ಸರ್ವಾನುಮತದ ಆಯ್ಕೆ. ಆ ಮೀಟಿಂಗಿಗೆ ಬಂದವನು ನಾನೊಬ್ಬನೇ.

೧. ನಕ್ಷೆಯ ತೂತು

ಜಾಗ ವಾಸದ ವಲಯದಲ್ಲಿದ್ದರೆ ಮಾತ್ರ ಪೈಪು ಅಂದರು ನೀರಿನ ಇಲಾಖೆಯವರು. ನೋಡಿ ಬರೋಣ ಅಂತ ನಗರ ಯೋಜನೆ ಕಚೇರಿಗೆ ಹೋದೆ. ಗುಮಾಸ್ತರು ದೊಡ್ಡ ನಕ್ಷೆ ತಂದು ಮೇಜಿನ ಮೇಲೆ ಹರಡಿದರು.

"ಹಳದಿ ಇದ್ರೆ ಮನೆ ಕಟ್ಬೋದು. ಹಸಿರಿದ್ರೆ ಹೊಲ."

"ನಮ್ದು?"

ಅವರ ಬೆರಳು ಓಡುತ್ತಾ ಬಂದು ಗಕ್ಕನೆ ನಿಂತಿತು. ಮಡಿಸಿ ಮಡಿಸಿ ನಕ್ಷೆ ಸರಿಯಾಗಿ ಅಲ್ಲೇ ಹರಿದಿತ್ತು.

"ಯಜಮಾನ್ರೇ, ನಿಮ್ದು ಹಳದೀನೂ ಅಲ್ಲ, ಹಸಿರೂ ಅಲ್ಲ. ತೂತು."

ಕುತೂಹಲ ತಡೆಯದೆ ಬಗ್ಗಿ ಇಣುಕಿದೆ. ತೂತಿನೊಳಗೆ, ಮೇಜಿನ ಮೇಲೆ, ಒಣಗಿದ ಚಟ್ನಿ.

"ಸಾರ್, ಜನ ವಾಸ ಮಾಡ್ತಿರೋ ಗುರುತು ಕಾಣ್ತಿದೆಯಲ್ಲ!"

೨. ಹುಳದ ಪಾರ್ಕು

ಬೀರುವಿನಿಂದ ಇನ್ನೊಂದು ಪ್ರತಿ ತೆಗೆದು ನೋಡಿದರೆ ನಮ್ಮದು ಅಪ್ಪಟ ಹಳದಿ. ಆದರೆ ಲೇಔಟ್ ಅಂದಮೇಲೆ ಪಾರ್ಕು ಇರಲೇಬೇಕು. ಅದನ್ನ ಪರೀಕ್ಷೆ ಮಾಡೋಕೆ ಒಬ್ಬರು ಸಾಹೇಬರು ಬಂದರು. ಪಾರ್ಕಿನ ಜಾಗದಲ್ಲಿ ಎದೆಮಟ್ಟ ಹಿಪ್ಪುನೇರಳೆ. ಜಮೀನು ಮಾರಿದ ಮನೆಯ ಅಜ್ಜಿ ಕುಡುಗೋಲು ಹಿಡಿದು ಸೊಪ್ಪು ಕೊಯ್ಯುತ್ತಿದ್ದಳು.

"ಅಮ್ಮಾ, ಇಲ್ಲಿ ಪಾರ್ಕು ಇರಬೇಕಿತ್ತಲ್ಲ?"

"ಇದೇ ಸಾಮೀ ಪಾರ್ಕು."

"ಪಾರ್ಕು ಅಂದ್ರೆ ಮಕ್ಕಳು ಬರಬೇಕಮ್ಮ."

"ನಮ್ಮನೇಲಿ ಸಾವಿರಾರು ಮಕ್ಕಳವೆ, ತಟ್ಟೇಲಿ ಮಲಗಿಕೊಂಡು ಇದನ್ನೇ ತಿಂತವೆ. ಅವು ಗೂಡು ಕಟ್ಟಲಿ, ಆಮೇಲೆ ನಿನ್ನ ಮಕ್ಕಳನ್ನ ಕರ್ಕೊಂಡು ಬಾ ನಾಯನಾ."

ಸಾಹೇಬರು ನನ್ನ ಕಡೆ ತಿರುಗಿದರು. ನಾನು ಎದೆ ಉಬ್ಬಿಸಿ ಹೇಳಿದೆ: "ಬೇರೆ ಲೇಔಟಿನ ಪಾರ್ಕಲ್ಲಿ ಏನಿದೆ ಸಾರ್, ಬರೀ ಗಾಳಿ. ನಮ್ಮ ಪಾರ್ಕಿಂದ ಸೀರೆ ಬರುತ್ತೆ!"

ಸಾಹೇಬರು, ಈ ಬೆಳೆ ಮುಗಿದ ಮೇಲೆ ಬೆಂಚು ಹಾಕಿಸಬೇಕು ಅಂತ ಬರೆದುಕೊಂಡು, ಅಜ್ಜಿ ಹತ್ತಿರ ರೇಷ್ಮೆ ಸೀರೆ ಎಲ್ಲಿ ಅಗ್ಗ ಅಂತ ವಿಚಾರಿಸಿ ಹೋದರು.

೩. ಟ್ಯಾಂಕಿಗೊಂದು ಜಾಗ

ಕೊನೆಗೆ ಬಂದವರು ನೀರಿನ ಎಂಜಿನಿಯರು. "ಟ್ಯಾಂಕ್ ಎಲ್ಲಿ ಅಂತ ಇವತ್ತೇ ಎಲ್ಲರೂ ಸಹಿ ಹಾಕಿ ಕೊಡಿ. ಇಲ್ಲಾಂದ್ರೆ ಪೈಪು ಪಕ್ಕದ ಲೇಔಟಿಗೆ ಹೋಗುತ್ತೆ."

ಈ ಸಲ ನಲವತ್ತು ಸೈಟಿನವರೂ ಹಾಜರ್. ವಾಸ್ತು ಪ್ರಕಾರ ಟ್ಯಾಂಕಿನಂಥ ಭಾರ ಮನೆಯ ನೈಋತ್ಯಕ್ಕಿರಬೇಕಂತೆ. ಮೇಷ್ಟ್ರು, "ನಮ್ಮನೆ ಈಶಾನ್ಯಕ್ಕೆ ಟ್ಯಾಂಕ್ ಬಂದ್ರೆ ಸಹಿ ಹಾಕಲ್ಲ" ಅಂದರು. ಟೊಮೇಟೊ ಮಂಡಿಯವರು, "ನಂಗೂ ನೈಋತ್ಯಾನೇ ಬೇಕು ಕಣಯ್ಯ" ಅಂದರು. ಆಮೇಲೆ ನಲವತ್ತು ಬಾಯಲ್ಲೂ ನೈಋತ್ಯ.

"ಇರೋದು ಒಂದೇ ಟ್ಯಾಂಕ್ ಕಣ್ರಪ್ಪಾ!" ಎಂಜಿನಿಯರು ತಲೆ ಹಿಡಿದುಕೊಂಡರು.

ನಾನು ಎದ್ದೆ. "ಎಲ್ಲರ ಮನೆಗೂ ನೈಋತ್ಯ ಆಗೋ ಜಾಗ ಒಂದಿರುತ್ತೆ. ಬನ್ನಿ ನನ್ನ ಹಿಂದೆ."

ಟೇಪು ಬಿಚ್ಚಿದೆ. ಸೊಂಟದುದ್ದ ಕಳೆಯಲ್ಲಿ ನುಗ್ಗಿದೆ. ಲೇಔಟಿನ ಕಟ್ಟಕಡೆಯ ನೈಋತ್ಯ ಮೂಲೆಯಲ್ಲಿ ಗೂಟ ಬಡಿದು ಕೂಗಿದೆ: "ಇಲ್ಲಿ!" ಚಪ್ಪಾಳೆಯೋ ಚಪ್ಪಾಳೆ.

"ಇದು ಯಾರದೋ ಸೈಟು. ಅವರು ಒಪ್ಪಬೇಕಲ್ಲ?" ಅಂದರು ಎಂಜಿನಿಯರು.

"ಅದನ್ನ ನನಗೆ ಬಿಡಿ. ಎಂಥ ಮೊಂಡರಾದರೂ ಅರ್ಧ ಗಂಟೇಲಿ ಒಪ್ಪಿಸ್ತೀನಿ. ಯಾರು ಅಂತ ಹೇಳಿ ಸಾಕು."

ಮೇಷ್ಟ್ರು ಕಳೆ ಸರಿಸಿ ಕಲ್ಲಿನ ಮೇಲಿದ್ದ ನಂಬರು ಓದಿದರು. ಗುಂಪಿನ ಹಿಂದಿನಿಂದ ನಮ್ಮನೆಯವಳ ದನಿ ಕೇಳಿಸಿತು.

"ನಂದು."

ಬಂದು ಆ ಕಲ್ಲಿನ ಮೇಲೇ ಕೂತಳು. "ಹೂಂ, ಒಪ್ಪಿಸಿ ನೋಡಣ."

ನಲವತ್ತು ಜನ ಸುತ್ತ ಕುಕ್ಕರುಗಾಲಲ್ಲಿ ಕೂತರು. ಪುಣ್ಯ ಅಂದೆ, ಜಲದಾನ ಅಂದೆ, ಊರವರ ಹರಕೆ ಅಂದೆ. ಅರ್ಧ ಗಂಟೆಯಲ್ಲಿ ನನ್ನ ಗಂಟಲಿನ ನೀರೆಲ್ಲ ಆರಿತು. ಆಗ ಅವಳು ನನ್ನನ್ನ ಬಿಟ್ಟು ಎಂಜಿನಿಯರ ಕಡೆ ತಿರುಗಿದಳು.

"ಇವರ ಮಾತಿಗಲ್ಲ, ನೀರಿಗೋಸ್ಕರ ಒಪ್ಪಿದ್ದೀನಪ್ಪ. ಲೇಔಟ್ ಮಾಡಿದವರ ಹತ್ರ ಸೈಟು ಉಳಿದಿವೆ, ಒಂದು ಬದಲಿ ಕೊಡ್ಸಿ. ಅಳೆಯೋಕೆ ಮಾತ್ರ ಬೇರೆ ಯಾರನ್ನಾದ್ರೂ ಕರೀರಿ."