ಕಾಗೆಬೋನಿನ ಗಾಯಕ

ಎಲ್ಲಾದರೂ ಒಂದು ಹಕ್ಕಿ ಹಾಡಿದರೆ ಇಥೆಲ್ ಬೆನಾನ್ ನಿಂತುಬಿಡುತ್ತಿದ್ದ. ಕೈಯಲ್ಲಿ ಬಿಸಿ ಚಹಾ ಇರಲಿ, ಹಿಂದೆ ನಾಲ್ಕು ಟ್ರ್ಯಾಕ್ಟರುಗಳು ಹಾರ್ನ್ ಹೊಡೆಯುತ್ತಿರಲಿ, ಕತ್ತು ಓರೆ ಮಾಡಿ, ಬಾಯಿ ಅರ್ಧ ತೆರೆದು, ಯಾರೋ ಗೋಡೆಗೆ ಒರಗಿಸಿ ಮರೆತುಹೋದ ಸೈಕಲ್ಲಿನ ಹಾಗೆ ನಿಂತಿರುತ್ತಿದ್ದ. ವೇಲ್ಸಿನ ಗುಡ್ಡದೂರುಗಳಿಗೆ ಪುಸ್ತಕ ಹೊತ್ತು ತಿರುಗುವ ಗ್ರಂಥಾಲಯದ ವ್ಯಾನನ್ನು ಓಡಿಸುವುದು ಅವನ ಕೆಲಸ. ಅವನ ದೆಸೆಯಿಂದ ಪಂಟ್‌ವೆರ್ನ್ ಕಣಿವೆಯ ಜನ, ಪತ್ತೇದಾರಿ ಕಾದಂಬರಿಯಲ್ಲಿ ಕೊಲೆ ಮಾಡಿದವನು ಯಾರೆಂದು ತಿಳಿಯಲು ವಾರಗಟ್ಟಲೆ ಕಾಯುವುದನ್ನು ಕಲಿತಿದ್ದರು.

ಏಪ್ರಿಲ್ ತಿಂಗಳ ಆ ಸೋಮವಾರ ಬೆಳಿಗ್ಗೆ ಹಾಡಿದ್ದು ಒಂದು ಬಾನಾಡಿ, ಸ್ಕೈಲಾರ್ಕ್ ಹಕ್ಕಿ. ಇಥೆಲ್ ನಿಂತದ್ದು ಟೆಗಿಡ್‌ನ ಕಾಗೆಬೋನಿನ ಒಳಗೆ.

ಟೆಗಿಡ್ ಗುಡ್ಡದ ಮೇಲೆ ಮುನ್ನೂರು ಕುರಿ ಸಾಕಿದವನು. ಕುರಿ ಈಯುವ ಕಾಲ ಬಂದರೆ ಕಾಗೆಗಳು ಅವನ ಕಲ್ಲುಗೋಡೆಯ ಮೇಲೆ ಸಾವಿನ ಮನೆಗೆ ಬಂದ ನೆಂಟರ ಹಾಗೆ ಸಾಲಾಗಿ ಕೂತು ಕಾಯುತ್ತಿದ್ದವು. ಹಿಂದಿನ ವಾರ ಎರಡು ಮರಿಗಳು ನೆಲಕ್ಕೆ ಬಿದ್ದು ಎದ್ದು ನಿಲ್ಲುವ ಮೊದಲೇ ಕಣ್ಣು ಕಳೆದುಕೊಂಡವು. ಟೆಗಿಡ್ ಎರಡು ದಿನ ಕೋಲು ಹಿಡಿದು ಕಾಗೆ ಓಡಿಸಿದ. ಮೂರನೆಯ ದಿನ ಬೋನನ್ನು ಟ್ರ್ಯಾಕ್ಟರಿಗೆ ಕಟ್ಟಿ ಗುಡ್ಡದ ನೆತ್ತಿಗೆ ಎಳೆದು ತಂದ.

ಇಥೆಲ್‌ನ ದುಃಖ ಇಷ್ಟು ದೊಡ್ಡದಲ್ಲ, ಆದರೂ ದುಃಖವೇ. ಅವನ ಬೇಲಿಯಲ್ಲಿ ಒಂದು ಥ್ರಷ್ ಹಕ್ಕಿ ಗೂಡು ಕಟ್ಟಿತ್ತು. ಆ ಹಕ್ಕಿ ಒಂದು ಸಾಲನ್ನು ಎರಡೆರಡು ಸಲ ಹೇಳುತ್ತಿತ್ತು, ದಡ್ಡ ಶಿಷ್ಯನಿಗೆ ಪಾಠ ಹೇಳುವ ಮೇಷ್ಟ್ರ ಹಾಗೆ. ಇಥೆಲ್ ಕಿಟಕಿಯಲ್ಲಿ ಕೂತು ಹಿಂದೆಯೇ ಹೇಳಿಕೊಳ್ಳುತ್ತಿದ್ದ. ಒಂದು ದಿನ ಕಾಗೆಯ ಜಾತಿಯ ಎರಡು ಮ್ಯಾಗ್‌ಪೈ ಹಕ್ಕಿಗಳು ಕಪ್ಪುಬಿಳಿ ಸೂಟು ತೊಟ್ಟ ಜಫ್ತಿ ಅಧಿಕಾರಿಗಳಂತೆ ಬಂದು, ನಾಲ್ಕು ಮರಿಗಳನ್ನೂ ಒಂದೊಂದಾಗಿ ಒಯ್ದವು. ಬೇಲಿ ಸುಮ್ಮನಾಯಿತು. ಆ ಸಂಜೆಯೇ ಇಥೆಲ್ ಟೆಗಿಡ್‌ನ ಬಾಗಿಲಿಗೆ ಹೋಗಿ, ‘ನನ್ನಿಂದ ಏನಾದ್ರೂ ಆಗತ್ತಾ?’ ಎಂದು ಕೇಳಿದ್ದ.

‘ಸೋಮವಾರ ನಾನು ಕುರಿಸಂತೆಗೆ ಹೋಗ್ತೀನಿ. ಬೋನಲ್ಲಿರೋ ಕಾಗೆಗೆ ನೀರು, ಕಾಳು ನೀನು ನೋಡ್ಕೋ. ಬೆಳಿಗ್ಗೆ ಬಾ, ತೋರಿಸ್ಕೊಡ್ತೀನಿ’ ಅಂದಿದ್ದ ಟೆಗಿಡ್.

ಬೋನೆಂದರೆ ಒಂದು ಸಣ್ಣ ಕೋಣೆಯಷ್ಟು ದೊಡ್ಡ ತಂತಿಯ ಪಂಜರ. ಮಾಡಿನ ನಡುವೆ ಏಣಿಯಂತೆ ಅಡ್ಡಪಟ್ಟಿ ಹೊಡೆದ ಕಿಂಡಿ. ಒಳಗೆ ಒಂದು ಕಾಗೆಯನ್ನು ಸುಖವಾಗಿ ಇಟ್ಟಿರುತ್ತಾರೆ. ಇದ್ಯಾವನು ನಮ್ಮ ಗುಡ್ಡದಲ್ಲಿ ಕೂತು ಪುಕ್ಕಟೆ ತಿನ್ನುತ್ತಿದ್ದಾನೆ ಎಂದು ಉಳಿದ ಕಾಗೆಗಳು ಜಗಳಕ್ಕೆ ಇಳಿಯುತ್ತವೆ. ಆ ಕಿಂಡಿಯಲ್ಲಿ ರೆಕ್ಕೆ ಮಡಚಿ ಇಳಿಯಬಹುದು, ಬಿಚ್ಚಿ ಮೇಲೆ ಹಾರಲಾಗುವುದಿಲ್ಲ.

ಅಂದು ಬೆಳಿಗ್ಗೆ ಗುಡ್ಡದ ತುಂಬ ಮಂಜು. ಟೆಗಿಡ್ ಬೀಗ ತೆಗೆದು, ‘ನೀರಿನ ತಟ್ಟೆ ಅಲ್ಲಿದೆ’ ಎಂದು ತೋರಿಸಿ, ಕುರಿ ತುಂಬಿದ ಗಾಡಿಯ ಕಡೆ ಹೋದ. ಇಥೆಲ್ ಕಾಗೆಗೆಂದು ಇಟ್ಟ ನೆರಳಿನ ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ತಟ್ಟೆ ತೊಳೆಯುತ್ತಿದ್ದ. ಆಗ ಬಾನಾಡಿ ಹಾಡಿತು. ಮಂಜಿನ ಮೇಲೆ ಎಲ್ಲೋ, ಕಣ್ಣಿಗೆ ಕಾಣದ ಬೆಳಕಿನಲ್ಲಿ, ಅದು ಸರಿಗೆಯ ಎಳೆಯಂತೆ ಸ್ವರ ಬಿಚ್ಚುತ್ತ ಹೋಯಿತು. ಇಥೆಲ್‌ನ ಕತ್ತು ಓರೆಯಾಯಿತು.

ಟೆಗಿಡ್ ಮರಳಿ ಬಂದ. ಮಂಜಿನಲ್ಲಿ ಯಾರೂ ಕಾಣಲಿಲ್ಲ. ‘ಬಾಗಿಲು ತೆರೆದಿಟ್ಟು ಹೋಗಿದಾನಲ್ಲ, ಕನಸುಗಾರ’ ಎಂದು ಗೊಣಗಿ ಬೀಗ ಹಾಕಿಕೊಂಡು ಸಂತೆಗೆ ಹೊರಟುಹೋದ. ಬೀಗ ಕಿಟಕ್ಕೆಂದದ್ದು ಇಥೆಲ್‌ಗೆ ಕೇಳಿಸಿತು. ಹಾಡಿಗೆ ತಾಳ ಸರಿಯಾಗಿ ಬಿತ್ತು ಎಂದುಕೊಂಡ.

ಬಾನಾಡಿ ನಿಲ್ಲಿಸಿದಾಗ ಗಾಡಿಯ ಸದ್ದು ಎರಡು ತಿರುವು ದಾಟಿತ್ತು.

ಇಥೆಲ್ ಬಾಗಿಲು ಅಲ್ಲಾಡಿಸಿದ. ಕೂಗಿದ. ಫೋನು ಹೊರಗೆ ಗೂಟಕ್ಕೆ ತಗುಲಿಸಿದ್ದ ಕೋಟಿನ ಜೇಬಿನಲ್ಲಿತ್ತು. ಕಾಗೆ ಕೋಲಿನ ಮೇಲಿಂದ ಅವನನ್ನು ನೋಡಿ, ಹೊಸ ಬಾಡಿಗೆದಾರನಿಗೆ ಜಾಗ ಬಿಡುವಂತೆ ಅರ್ಧ ಗೇಣು ಸರಿಯಿತು.

ಬೇರೆ ದಿನವಾಗಿದ್ದರೆ ಇಥೆಲ್‌ಗೆ ಅಷ್ಟೊಂದು ಚಿಂತೆ ಇರುತ್ತಿರಲಿಲ್ಲ. ಆದರೆ ಅಂದು ನಾಲ್ಕು ಗಂಟೆಗೆ ಚಾಪೆಲ್‌ನಲ್ಲಿ, ಮೇ ತಿಂಗಳ ಹಾಡಿನ ಹಬ್ಬಕ್ಕೆ ಸೋಲೊ ಹಾಡುವವನನ್ನು ಆರಿಸಲಿದ್ದರು. ಇಪ್ಪತ್ತೆರಡು ವರ್ಷ ಇಥೆಲ್ ಊರಿನ ಮೇಳದ ಹಿಂದಿನ ಸಾಲಿನಲ್ಲಿ, ಕೋಟು ತೂಗುಹಾಕುವ ಮೊಳೆಗಳ ಪಕ್ಕ ನಿಂತು ಹಾಡಿದ್ದ. ಈ ವರ್ಷ ಮೊದಲ ಬಾರಿಗೆ ಧೈರ್ಯ ಮಾಡಿ ಹೆಸರು ಕೊಟ್ಟಿದ್ದ. ಎದುರಾಳಿ ಕಟುಕರ ಎಲ್ವಿನ್. ಅವನ ದನಿಗೆ ಕನ್ನಡಿ ಬಿರಿಯುತ್ತದೆಂದು ಅವನೇ ಹೇಳಿಕೊಳ್ಳುತ್ತಿದ್ದ.

ಹತ್ತು ಗಂಟೆಗೆ ಟಪಾಲಿನ ಲೋವ್ರಿ ಗುಡ್ಡ ಹತ್ತಿ ಬಂದಳು. ಬೋನಿನ ಮುಂದೆ ನಿಂತು ಚೀಲ ಕೆಳಗಿಟ್ಟಳು. ಅವಳು ಊರಿನವರನ್ನೆಲ್ಲ ‘ಬಾಖ್’, ಅಂದರೆ ‘ಮರಿ’ ಎಂದೇ ಕರೆಯುತ್ತಿದ್ದಳು.

‘ಇಥೆಲ್ ಬಾಖ್! ಏನೋ ಇದು? ನಿನ್ನನ್ನ ಹಿಡಿದದ್ದು ಯಾರು?’

‘ಟೆಗಿಡ್. ಗೊತ್ತಾಗ್ದೆ ಬೀಗ ಹಾಕ್ಕೊಂಡು ಹೋದ.’

‘ಪಾಪ! ತಿಂಡಿ ತಿಂದ್ಯಾ?’

‘ತಿಂಡಿ ಹಾಳಾಗ್ಲಿ, ನಿನ್ನ ಫೋನಿಂದ ಅವನಿಗೆ ಹೇಳು.’

‘ಅವನ ಫೋನು ಅಡುಗೆಮನೆ ಗೂಡಲ್ಲಿ ಇರತ್ತೆ, ಕಳೆದುಹೋಗ್ಬಾರ್ದು ಅಂತ. ಮತ್ತೆ ಈ ಗುಡ್ಡದಲ್ಲಿ ಸಿಗ್ನಲ್ ಎಲ್ಲಿದೆ? ನೀನು ಏನೂ ಯೋಚನೆ ಮಾಡ್ಬೇಡ. ಕೆಳಗೆ ಹೋಗಿ ಹೇಳ್ತೀನಿ.’

‘ಯಾರಿಗೆ?’

‘ಎಲ್ಲರಿಗೂ’ ಎಂದಳು ಲೋವ್ರಿ, ಕಣ್ಣರಳಿಸಿ. ತನ್ನ ಬುತ್ತಿಯ ಒಣದ್ರಾಕ್ಷಿ ಬ್ರೆಡ್ಡನ್ನು ಕಾಳು ಸುರಿಯುವ ಕಿಂಡಿಯಲ್ಲಿ ತೂರಿಸಿ, ಹಾರುವವಳಂತೆ ಇಳಿದುಹೋದಳು. ಬ್ರೆಡ್ಡಿನ ಅರ್ಧ ಭಾಗ ಕಾಗೆಗೆ ಹೋಯಿತು. ಅದು ಕೇಳಿ ತೆಗೆದುಕೊಳ್ಳುವ ಜಾತಿಯಲ್ಲ.

ಲೋವ್ರಿ ಮಾತಿಗೆ ತಪ್ಪಲಿಲ್ಲ. ಮಧ್ಯಾಹ್ನದೊಳಗೆ ಟೆಗಿಡ್‌ನೊಬ್ಬನನ್ನು ಬಿಟ್ಟು ಇಡೀ ಕಣಿವೆಗೆ ವಿಷಯ ಗೊತ್ತಾಗಿತ್ತು. ಜನ ಸಣ್ಣ ಸಣ್ಣ ಗುಂಪಾಗಿ ಬಂದರು, ನೋಡಿದರು, ಮಕ್ಕಳಿಗೆ ತೋರಿಸಿದರು, ಮಂಜು ಕರಗಿದ್ದು ಒಳ್ಳೆಯದಾಯಿತು ಎಂದರು, ಹೋದರು. ಒಬ್ಬರು ಇಥೆಲ್‌ನನ್ನು ಮಾತಾಡಿಸದೆ ಕಾಗೆಯ ಆರೋಗ್ಯ ವಿಚಾರಿಸಿದರು.

ಕೊನೆಗೆ ಬಂದವರು ಎಡ್ನಿಫೆಡ್. ಜಿಲ್ಲಾ ಕಚೇರಿಯಲ್ಲಿ ಮೂವತ್ತೈದು ವರ್ಷ ಕಡತ ನೋಡಿ ನಿವೃತ್ತರಾದ ಮನುಷ್ಯ. ಅವರ ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ ಇತ್ತು. ಇಥೆಲ್‌ನ ಕಣ್ಣಲ್ಲಿ ನೀರೇ ಬಂತು.

‘ಬನ್ನಿ ಸಾರ್, ಈ ಮೂಲೇಲಿ ಕತ್ತರಿಸಿ.’

‘ಒಂದು ನಿಮಿಷ.’ ಎಡ್ನಿಫೆಡ್ ಕನ್ನಡಕ ಹಾಕಿಕೊಂಡು ಬೋನಿಗೆ ಕಟ್ಟಿದ್ದ ಪರವಾನಗಿಯ ಚೀಟಿಯನ್ನು ಓದಿದರು. ಆಮೇಲೆ ಜೇಬಿನಿಂದ ಮಡಚಿದ ನಿಯಮಗಳ ಹಾಳೆ ತೆಗೆದರು. ‘ಇಥೆಲ್, ಇದು ಪರವಾನಗಿ ಇರೋ ಬೋನು. ಹೊರಗಿನವರು ಇದನ್ನ ಕೆಡಿಸಿದ್ರೆ ಅಪರಾಧ.’

‘ನಾನು ಕಾಗೆ ಅಲ್ಲ ಸಾರ್!’

‘ಅದನ್ನೂ ಕೊಟ್ಟಿದಾರೆ. ಪಟ್ಟೀಲಿ ಇಲ್ಲದ ಜೀವಿ ಸಿಕ್ಕಿಬಿದ್ರೆ ತಕ್ಷಣ ಬಿಟ್ಟುಬಿಡಬೇಕು.’

‘ಮತ್ತೆ ಬಿಡಿ!’

‘ಬೋನು ಇಟ್ಟವರು ಬಿಡಬೇಕು ಅಂತಿದೆ. ನಾನು ಇಟ್ಟವನಲ್ಲ.’ ಎಡ್ನಿಫೆಡ್ ಬೆರಳು ಇನ್ನೊಂದು ಸಾಲಿಗೆ ಇಳಿಸಿದರು. ‘ಒಳಗಿರೋ ಜೀವಿಗೆ ನೀರು ಇದೆಯಾ?’

‘ಇದೆ.’

‘ಆಹಾರ?’

‘ಅರ್ಧ ಬ್ರೆಡ್ಡು.’

‘ಮಳೆಗಾಳಿಗೆ ಮರೆ?’

‘ಆ ಪೆಟ್ಟಿಗೆ. ತಲೆ ಮಾತ್ರ ಹಿಡಿಸತ್ತೆ.’

‘ಕೂರೋದಕ್ಕೆ ಕೋಲು?’

ಇಥೆಲ್ ಕಾಗೆಯ ಪಕ್ಕದ ಕೋಲನ್ನು ತೋರಿಸಿದ.

‘ಹಾಗಾದ್ರೆ ಎಲ್ಲ ಕ್ರಮಬದ್ಧವಾಗಿದೆ’ ಎಂದು ಎಡ್ನಿಫೆಡ್ ಹಾಳೆ ಮಡಚಿದರು. ನಿಜವಾದ ಮರುಕದಿಂದ ತಮ್ಮ ಟೋಪಿಯನ್ನು ಕಿಂಡಿಯಲ್ಲಿ ಇಳಿಸಿ, ‘ಬಿಸಿಲಿದೆ, ಹಾಕ್ಕೋ’ ಎಂದು ಹೇಳಿ, ಇಕ್ಕಳ ಬೀಸಿಕೊಂಡು ಇಳಿದುಹೋದರು.

ಆಮೇಲೆ ಯಾರೂ ಬರಲಿಲ್ಲ. ಬಿಸಿಲು ಗುಡ್ಡದ ಮೇಲೆ ಬೆಕ್ಕಿನಂತೆ ಮೈಚಾಚಿ ಮಲಗಿತು. ಮೋಡಗಳ ನೆರಳು ಒಂದು ಹೊಲದಿಂದ ಇನ್ನೊಂದಕ್ಕೆ ಅವಸರವಿಲ್ಲದೆ ದಾಟುತ್ತಿತ್ತು. ಹಿಂದಿನ ರಾತ್ರಿ ಹುಟ್ಟಿದ ಮರಿಗಳು ನಾಲ್ಕು ಕಾಲನ್ನೂ ಒಟ್ಟಿಗೆ ಎತ್ತಿ, ನೆಲ ಇನ್ನೂ ಇದೆಯೇ ಎಂದು ಪರೀಕ್ಷಿಸುವಂತೆ ಕುಪ್ಪಳಿಸುತ್ತಿದ್ದವು. ಇಥೆಲ್ ಹುಲ್ಲಿನ ಮೇಲೆ ಮಲಗಿ ಟೋಪಿಯನ್ನು ಮುಖಕ್ಕೆ ಎಳೆದುಕೊಂಡ. ಜೇನುಹುಳು ಗುಂಯ್‌ಗುಡುತ್ತಿತ್ತು, ಅಥವಾ ಆರ್ಗನ್ನಿರಬೇಕು. ಚಾಪೆಲ್ ತುಂಬ ಜನ ಕೂತಿದ್ದರು, ಎಲ್ಲರೂ ಕರಿಯ ಕೋಟಿನವರು. ಇಥೆಲ್ ಮುಂದಿನ ಸಾಲಿಗೆ ನಡೆದ. ಹಾಡಿದ. ಹಾಡು ಬಾಯಿಂದ ಬೆಚ್ಚನೆಯ ಹಾಲಿನಂತೆ ಇಳಿಯುತ್ತಿತ್ತು. ಸಭಿಕರು ಕಣ್ಣು ಮಿಟುಕಿಸದೆ ಕೇಳಿದರು, ಒಬ್ಬೊಬ್ಬರಾಗಿ ಕತ್ತು ಓರೆ ಮಾಡಿದರು, ಆಮೇಲೆ ಎಲ್ಲರೂ ಕೋಟು ಬಿಚ್ಚಿ ರೆಕ್ಕೆಯಾಗಿಸಿಕೊಂಡು ಮೇಲೆದ್ದರು.

ಎಚ್ಚರವಾದಾಗ ಕೆಳಗಿನ ಕಣಿವೆಯಿಂದ ಗಂಟೆ ಕೇಳಿಸಿತು. ನಾಲ್ಕು. ಹಿಂದೆಯೇ ಗಾಳಿಯಲ್ಲಿ ತೇಲಿ ಎಲ್ವಿನ್‌ನ ದನಿ ಬಂತು, ಒರಟಾಗಿ, ಒಂದು ಸ್ವರದ ಮೇಲೆ ಕತ್ತಿ ಮಸೆಯುತ್ತ.

ಇಪ್ಪತ್ತೆರಡು ವರ್ಷ. ಇಥೆಲ್ ಎದ್ದು, ಟೋಪಿ ತಲೆಗಿಟ್ಟುಕೊಂಡು ಬೋನಿನ ನಡುವೆ, ಕಿಂಡಿಯ ಕೆಳಗೆ ನಿಂತ. ತಲೆ ಹೆಚ್ಚುಕಡಿಮೆ ಮಾಡಿಗೆ ತಾಗುತ್ತಿತ್ತು. ಯಾರಾದರೂ ಕೇಳಲಿ ಎಂದಲ್ಲ, ಹಾಡದಿದ್ದರೆ ಅತ್ತುಬಿಡುತ್ತೇನೆ ಎಂದು, ತನ್ನ ಸರದಿಯ ಹಳೆಯ ಸ್ತೋತ್ರವನ್ನು ಹಾಡತೊಡಗಿದ.

ಮೊದಲ ಸಾಲಿಗೆ ಕಲ್ಲುಗೋಡೆಯ ಮೇಲಿದ್ದ ಕಾಗೆಗಳು ಎದ್ದು ಹಾರಿಹೋದವು. ಎರಡನೆಯದಕ್ಕೆ ಪಕ್ಕದ ಓಕ್ ಮರ ಖಾಲಿಯಾಯಿತು. ಮೂರನೆಯದಕ್ಕೆ ಬೋನಿನ ಕಾಗೆ ಕೋಲಿನಿಂದ ಇಥೆಲ್‌ನ ಹೆಗಲಿಗೆ ನೆಗೆಯಿತು, ಹೆಗಲಿಂದ ಎಡ್ನಿಫೆಡ್ ಅವರ ಟೋಪಿಗೆ ಹತ್ತಿತು, ಟೋಪಿಯ ಮೇಲಿಂದ ಕಿಂಡಿಯ ಪಟ್ಟಿಗೆ ಕೊಕ್ಕು ಹಾಕಿ, ರೆಕ್ಕೆ ಬಿಚ್ಚದೆಯೇ ಹೊರಗೆ ತೂರಿ ಹಾರಿತು. ಇಥೆಲ್ ಕಣ್ಣು ಮುಚ್ಚಿದ್ದ. ತಲೆ ಹಗುರಾದದ್ದು ಸಂಗೀತದಿಂದ ಎಂದುಕೊಂಡ. ಮೊದಲಿಂದ ಮತ್ತೆ ಹಾಡಿದ. ಹಾಗೆ ಹಾಡುತ್ತಲೇ ಇದ್ದ.

ಹಾಡು ಮುಗಿದಾಗ ಸೂರ್ಯ ಕೆಳಗಿಳಿದಿದ್ದ. ಗುಡ್ಡ ಹತ್ತಿ ಬರುತ್ತಿದ್ದವರು ಇಡೀ ಮೇಳ. ಮುಂದೆ, ಅರವತ್ತೆಂಟರ ವಯಸ್ಸಿನಲ್ಲೂ ಕೋಲಿಲ್ಲದೆ ನಡೆಯುವ ಮೇಳದ ಗುರು ಮಿಸ್ ಕೆರಿಡ್ವೆನ್. ಪಕ್ಕದಲ್ಲಿ ಲೋವ್ರಿ. ಹಿಂದೆ, ದಾರಿಯಲ್ಲಿ ಸಿಕ್ಕಿ ಈಗಷ್ಟೇ ಸುದ್ದಿ ಕೇಳಿದ ಟೆಗಿಡ್, ಬೀಗದಕೈ ಹಿಡಿದು ತಲೆ ತಗ್ಗಿಸಿಕೊಂಡು.

ಮಿಸ್ ಕೆರಿಡ್ವೆನ್ ತಂತಿಯ ಹತ್ತಿರ ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

‘ಹಾಡಿದ್ದು ನೀನಾ?’

‘ಹೌದು ಮಿಸ್. ತಪ್ಪಾಯ್ತಾ?’

‘ಎಲ್ವಿನ್ ಅರ್ಧಕ್ಕೆ ನಿಲ್ಲಿಸಿದ. ನಾನು ಕಿಟಕಿ ಎಲ್ಲ ತೆಗೆಸಿದೆ. ಇಥೆಲ್, ಅಷ್ಟು ಮೆತ್ತಗೆ, ಅಷ್ಟು ದೂರದಿಂದ... ನಮ್ಮಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸ್ತಾ ಹಾಡಿದ ಹಾಗಿತ್ತು ಕಣೋ.’

ಇಥೆಲ್ ತಂತಿಗೆ ಮುಖ ಒತ್ತಿ ಹತ್ತಿರ ಬಂದ.

‘ಇಪ್ಪತ್ತೆರಡು ವರ್ಷ ನಿನ್ನನ್ನ ಹಿಂದಿನ ಸಾಲಲ್ಲಿ ನಿಲ್ಲಿಸಿದ್ದು ನನ್ನ ತಪ್ಪು.’

‘ಅಯ್ಯೋ, ಪರವಾಗಿಲ್ಲ ಮಿಸ್.’

‘ಇಲ್ಲ, ತಪ್ಪೇ. ಇನ್ನೂ ಹಿಂದೆ ನಿಲ್ಲಿಸ್ಬೇಕಿತ್ತು.’ ಮಿಸ್ ಕೆರಿಡ್ವೆನ್ ಕಣಿವೆಯ ಕಡೆ ತಿರುಗಿ ಕಣ್ಣಲ್ಲೇ ಅಳೆದರು. ‘ಒಂದೂವರೆ ಮೈಲಿ. ಅದೇ ನಿನ್ನ ದನಿಯ ಅಳತೆ. ಸೋಲೊ ನಿನಗೇ. ಹಬ್ಬದ ದಿನ ನಾವೆಲ್ಲ ಕಿಟಕಿ ತೆಗೆದು ಅಲ್ಲಿ ಕೂತಿರ್ತೀವಿ. ನೀನು ಇಲ್ಲಿಂದ ಹಾಡು.’

ಟೆಗಿಡ್ ಅಷ್ಟರಲ್ಲಿ ಬೀಗ ತೆಗೆಯುವುದನ್ನು ಬಿಟ್ಟು ಗುಡ್ಡದ ಸುತ್ತ ನೋಡುತ್ತಿದ್ದ. ಗೋಡೆ ಖಾಲಿ. ಓಕ್ ಮರ ಖಾಲಿ. ಬೋನು, ಒಬ್ಬ ಇಥೆಲ್‌ನ ಹೊರತು, ಖಾಲಿ. ಕೆಳಗೆ ಮರಿಗಳನ್ನು ಎಣಿಸಿದ. ಬೆಳಿಗ್ಗೆಗಿಂತ ಮೂರು ಹೆಚ್ಚೇ ಇದ್ದವು, ಎಲ್ಲಕ್ಕೂ ಎರಡೆರಡು ಕಣ್ಣು.

‘ಹಬ್ಬದವರೆಗೆ ಯಾಕೆ ಕಾಯ್ಬೇಕು?’ ಅಂದ ಟೆಗಿಡ್, ಗದ್ಗದನಾಗಿ. ‘ನಾಳೆ ಬೆಳಿಗ್ಗೆ ಐದಕ್ಕೆ ಶುರು ಮಾಡ್ಲಿ. ಕುರಿ ಈಯೋದು ಮುಗಿಯೋವರೆಗೂ ದಿನಾ. ಅಭ್ಯಾಸಾನೂ ಆಗತ್ತೆ.’

‘ಐದಕ್ಕೇ ಒಳ್ಳೇದು. ದನಿಗೆ ತಂಪು ಬೇಕು’ ಎಂದರು ಮಿಸ್ ಕೆರಿಡ್ವೆನ್. ಮೇಳವೆಲ್ಲ ಹೂಂಗುಟ್ಟಿತು. ಎಲ್ವಿನ್ ಎಲ್ಲರಿಗಿಂತ ಜೋರಾಗಿ ಹೂಂಗುಟ್ಟಿದ.

ಬಾಗಿಲು ತೆರೆಯಿತು. ಇಥೆಲ್ ಹೊರಗೆ ಬಂದು, ಸೆಟೆದ ಕಾಲುಗಳ ಮೇಲೆ ತೂಗುತ್ತ ನಿಂತ. ಇಪ್ಪತ್ತೆರಡು ವರ್ಷ ಬಯಸಿದ್ದು ಕೊನೆಗೂ ಸಿಕ್ಕಿತ್ತು. ಕೈಯಲ್ಲಿ ಹಿಡಿದು ನೋಡಿದರೆ ಅದರ ತಲೆ ಯಾವುದು, ಕಾಲು ಯಾವುದು ಎಂದು ತಿಳಿಯುತ್ತಿರಲಿಲ್ಲ.

‘ಮಿಸ್,’ ಅಂದ ಮೆಲ್ಲಗೆ, ‘ಚಪ್ಪಾಳೆ ಹೊಡೀತಾರಲ್ಲ, ಅದು ಇಲ್ಲೀವರೆಗೂ ಕೇಳಿಸತ್ತಾ?’

ಮಿಸ್ ಕೆರಿಡ್ವೆನ್ ಗಾಳಿಗೆ ಬೆರಳೊಡ್ಡಿ ನೋಡಿ, ಇಲ್ಲವೆಂದು ತಲೆಯಾಡಿಸಿದರು.

‘ಅದಕ್ಕ್ಯಾಕೆ ಕೊರಗ್ತೀಯ ಬಾಖ್? ನಾನಿಲ್ವಾ?’ ಅಂದಳು ಲೋವ್ರಿ. ‘ಎಷ್ಟು ಹೊತ್ತು ಹೊಡೆದ್ರು ಅಂತ ನೋಡ್ಕೊಂಡು ಬಂದು ಹೇಳ್ತೀನಿ. ಹಬ್ಬ ಶನಿವಾರ. ಭಾನುವಾರ ಟಪಾಲಿಲ್ಲ. ಸೋಮವಾರ ಮೇ ತಿಂಗಳ ರಜ.’ ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ‘ಮಂಗಳವಾರ ತಲುಪಿಸ್ತೀನಿ.’